ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳಬೇಕು ಅಂತಿದ್ದೇನೆ: ಹಾಸನ, ಚಿಕ್ಕಮಗಳೂರು ಕಡೆಯಿಂದ ಮಾಡಿಸಿಕೊಂಡವರು ದಯವಿಟ್ಟು ಹೇಳಿ

ವಿದ್ಯಾನಗರದ ಟೀಚರ್ · ಜನವರಿ 5

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ, ಹಾಸನದಲ್ಲಿ ಹೈಸ್ಕೂಲ್ ಟೀಚರ್. ಏಳನೇ ಕ್ಲಾಸಿನಿಂದ ಕನ್ನಡಕ ಹಾಕುತ್ತಿದ್ದೇನೆ. ಈಗ ಎರಡೂ ಕಣ್ಣಿಗೆ ಮೈನಸ್ 6 ಸೈಟ್ ಇದೆ. ಎರಡು ವರ್ಷದಿಂದ ಪವರ್ ಬದಲಾಗಿಲ್ಲ. ಬೆಳಗ್ಗೆ ಕನ್ನಡಕ ಸಿಗುವವರೆಗೆ ಗೋಡೆ ಗಡಿಯಾರವೂ ಕಾಣುವುದಿಲ್ಲ. ಮಳೆಯಲ್ಲಿ ಸ್ಕೂಟರ್ ಓಡಿಸುವಾಗ ಗಾಜಿನ ಹೊರಗೆ ನೀರು, ಒಳಗೆ ಹಬೆ.

ಲೇಸರ್ ಮಾಡಿಸಿ ಕನ್ನಡಕ ಬಿಡೋಣ ಅಂತ ಕಳೆದ ವಾರ ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಅರ್ಧ ದಿನ ಟೆಸ್ಟ್ ಮಾಡಿದರು. ಕೊನೆಗೆ ಡಾಕ್ಟರ್ ಹೇಳಿದ್ದು, ನಿಮ್ಮ ಕಾರ್ನಿಯಾ 488 ಮೈಕ್ರಾನ್ ಇದೆ, ತೆಳು, ಲೇಸಿಕ್ ಬೇಡ, ಪಿಆರ್‌ಕೆ ಮಾಡೋಣ ಅಂತ. ಎರಡೂ ಲೇಸರಿನ ವಿಧಾನಗಳೇ. ಮೂರು ದಿನ ನೋವಿರುತ್ತೆ, ನೋಟ ಸರಿಹೋಗಲು ವಾರಗಳು ಬೇಕು ಅಂದರು. ನನ್ನ ಗೆಳತಿ ಲೇಸಿಕ್ ಮಾಡಿಸಿಕೊಂಡು ಮೂರನೇ ದಿನ ಆಫೀಸಿಗೆ ಹೋದಳು. ನನಗೆ ಮಾತ್ರ ಯಾಕೆ ಹೀಗೆ? ಪಿಆರ್‌ಕೆ ಅಂದರೆ ಹಳೆಯದು, ಕಡಿಮೆ ದರ್ಜೆಯದ್ದಾ?

ಇನ್ನೊಂದು ಚಿಂತೆ ಮನೆಯದು. ಅಮ್ಮ ಇರುವುದು ಆಲೂರು ಕಡೆ ಹಳ್ಳಿಯಲ್ಲಿ. ರಜೆಯಲ್ಲಿ ಅಲ್ಲೇ ಇರಬೇಕು. ಬಚ್ಚಲು ಒಲೆಯ ಹೊಗೆ, ದನದ ಕೊಟ್ಟಿಗೆ, ಧೂಳು ಎಲ್ಲ ಇದೆ. ಅಮ್ಮ ಒಂದೇ ಮಾತು ಹೇಳುತ್ತಾರೆ: "ಚೆನ್ನಾಗಿರೋ ಕಣ್ಣನ್ನ ಯಾಕೆ ಕೆದಕ್ತೀಯ?" ಅವರಿಗೆ ಏನು ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ.

ಕನ್ನಡಕದಂಗಡಿ · ಜನವರಿ 5

ಮೇಡಂ, ನಾನು ಹಾಸನದಲ್ಲಿ 22 ವರ್ಷದಿಂದ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಿದ್ದೇನೆ. ಆಪರೇಷನ್ ಆದರೆ ನಮ್ಮ ಗಿರಾಕಿ ಕಡಿಮೆಯಾಗುತ್ತಾರೆ ನಿಜ. ಆದರೂ ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಕಪ್ಪುಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ಪದರ ಇದೆಯಲ್ಲ, ಅದೇ ಕಾರ್ನಿಯಾ. ಸಾಮಾನ್ಯವಾಗಿ ಮಧ್ಯದಲ್ಲಿ ಸುಮಾರು 540 ಮೈಕ್ರಾನ್ ದಪ್ಪ, ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಲೇಸರ್ ಮಾಡುವುದು ಇದನ್ನೇ ಸವೆಸುವ ಕೆಲಸ. ಒಂದು ಪವರಿಗೆ ಸುಮಾರು 12ರಿಂದ 15 ಮೈಕ್ರಾನ್ ಸವೆಸಬೇಕು. ನಿಮ್ಮದು 6. ಹೆಚ್ಚೆಂದರೆ 90 ಅಂತ ಇಟ್ಟುಕೊಳ್ಳಿ.

ಲೇಸಿಕ್‌ನಲ್ಲಿ ಮೊದಲು ಮೇಲಿನ ಒಂದು ಪದರವನ್ನು ಪುಸ್ತಕದ ಹಾಳೆಯ ಹಾಗೆ ಎತ್ತುತ್ತಾರೆ. ಅದಕ್ಕೆ ಫ್ಲಾಪ್ ಅನ್ನುತ್ತಾರೆ. ಅದು ಸುಮಾರು 110 ಮೈಕ್ರಾನ್. ಕೆಳಗೆ ಲೇಸರ್ ಬಿಟ್ಟು ಮತ್ತೆ ಮುಚ್ಚುತ್ತಾರೆ. ಮುಚ್ಚಿದರೂ ಆ ಹಾಳೆ ಕಣ್ಣಿಗೆ ಮೊದಲಿನ ಬಲ ಕೊಡುವುದಿಲ್ಲ. ಹಾಗಾಗಿ ಅದನ್ನು ಲೆಕ್ಕದಿಂದ ಬಿಡಬೇಕು. 488ರಲ್ಲಿ 110 ಕಳೆಯಿರಿ, 90 ಕಳೆಯಿರಿ. ಉಳಿದದ್ದು 288. ಈಗ ತುಂಬಾ ಡಾಕ್ಟರುಗಳು ಕೆಳಗೆ 300 ಉಳಿಯಲಿ ಅನ್ನುತ್ತಾರೆ. ಕಡಿಮೆ ಉಳಿದರೆ ಒಳಗಿನ ಒತ್ತಡಕ್ಕೆ ಕಾರ್ನಿಯಾ ಮುಂದೆ ಉಬ್ಬಿಕೊಳ್ಳಬಹುದು. ಉಬ್ಬಿದರೆ ಕನ್ನಡಕ ಹಾಕಿದರೂ ಸರಿಯಾಗಿ ಕಾಣುವುದಿಲ್ಲ.

ಪಿಆರ್‌ಕೆಯಲ್ಲಿ ಹಾಳೆ ಎತ್ತುವುದೇ ಇಲ್ಲ. ಮೇಲಿನ ಚರ್ಮದಂಥ 50 ಮೈಕ್ರಾನ್ ಪದರವನ್ನು ಮಾತ್ರ ಒರೆಸಿ ತೆಗೆಯುತ್ತಾರೆ. ಅದು ಒಂದು ವಾರದೊಳಗೆ ತಾನೇ ಬೆಳೆಯುತ್ತೆ. ಗಾಯ ತೆರೆದಿರುವುದರಿಂದ ನೋವು ಜಾಸ್ತಿ, ಆದರೆ ಕಣ್ಣಿನ ಗಟ್ಟಿತನ ಉಳಿಯುತ್ತೆ. ಹಳೆಯ ವಿಧಾನ ಹೌದು. ನಿಮ್ಮ ಕಣ್ಣಿಗೆ ಹೊಂದುವುದು ಅದೇ.

ವಿದ್ಯಾನಗರದ ಟೀಚರ್ · ಜನವರಿ 5

ಅಣ್ಣ, ತುಂಬಾ ಥ್ಯಾಂಕ್ಸ್. ಆಸ್ಪತ್ರೆಯಲ್ಲಿ ಇಷ್ಟು ಬಿಡಿಸಿ ಯಾರೂ ಹೇಳಲಿಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಅಮ್ಮನಿಗೂ ತೋರಿಸುತ್ತೇನೆ. ಸ್ಮೈಲ್ ಅಂತ ಒಂದು ಇದೆಯಲ್ಲ, ಅದು?

ಕನ್ನಡಕದಂಗಡಿ · ಜನವರಿ 6

ಅದರಲ್ಲಿ ಒಳಗಡೆಯೇ ಸಣ್ಣ ಬಿಲ್ಲೆಯಂತೆ ಕತ್ತರಿಸಿ 2ರಿಂದ 4 ಮಿಲಿಮೀಟರಿನ ಸಣ್ಣ ಗೀರಿನಿಂದ ಹೊರಗೆ ಎಳೆಯುತ್ತಾರೆ. ಹಾಳೆ ಎತ್ತುವುದಿಲ್ಲ, ಕಣ್ಣು ಒಣಗುವುದು ಸ್ವಲ್ಪ ಕಡಿಮೆ. ಆದರೆ ಅದಕ್ಕೂ ದಪ್ಪ ಬೇಕು. ನಿಮ್ಮ ಅಳತೆ ನೋಡಿದ ಡಾಕ್ಟರ್ ಮಾತೇ ಕೊನೆಯದು.

ಕಡೂರಿನವನು · ಜನವರಿ 8

ನಾನು ಮಾಡಿಸಿಕೊಂಡವನಲ್ಲ. ಬೇಡ ಅನ್ನಿಸಿಕೊಂಡವನು. ಆದರೂ ಬರೆಯಬೇಕು ಅನ್ನಿಸಿತು.

ನನಗೆ 22. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದೆ. ಕನ್ನಡಕ ತೆಗೆಸಿಬಿಡೋಣ ಅಂತ ಹೋದೆ. ಪೆಂಟಾಕ್ಯಾಮ್ ಸ್ಕ್ಯಾನ್ ಮಾಡಿದರು. ಗಲ್ಲ ಇಟ್ಟು ನೀಲಿ ಬೆಳಕು ನೋಡಿದರೆ ಎರಡು ಸೆಕೆಂಡಿನಲ್ಲಿ ಮುಗಿಯುತ್ತೆ. ಕಾರ್ನಿಯಾದ ಬಣ್ಣ ಬಣ್ಣದ ನಕ್ಷೆ ಬಂತು. ಕೆಳಗಡೆ ಒಂದು ಕೆಂಪು ಮಚ್ಚೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಕಣ್ಣು ಉಜ್ಜಿಕೊಳ್ತೀಯಾ?" ಚಿಕ್ಕಂದಿನಿಂದ ಅಲರ್ಜಿ, ತುರಿಕೆ. ಮುಷ್ಟಿಯಲ್ಲಿ ಉಜ್ಜುತ್ತಿದ್ದೆ. ಕೆರಟೋಕೋನಸ್ ಶುರುವಾಗಿದೆ ಅಂದರು. ಕಾರ್ನಿಯಾ ತೆಳುವಾಗಿ ಮೊನಚಾಗುವ ಕಾಯಿಲೆ. ಇದರ ಮೇಲೆ ಲೇಸಿಕ್ ಮಾಡಿದರೆ ಇನ್ನೂ ಬೇಗ ಹಾಳಾಗುತ್ತೆ ಅಂದರು.

ನನಗೆ ಸಿಟ್ಟು ಬಂತು. ದುಡ್ಡು ಹೊಂದಿಸಿಕೊಂಡು ಹೋಗಿದ್ದೆ. ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲೂ ಅದೇ ನಕ್ಷೆ, ಅದೇ ಮಾತು. ಆರು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿದಾಗ ಇನ್ನಷ್ಟು ಮುಂದುವರಿದಿತ್ತು. ಆಗ ಸಿ3ಆರ್ ಮಾಡಿದರು. ಕಣ್ಣಿಗೆ ರೈಬೋಫ್ಲೇವಿನ್ ಹಳದಿ ಡ್ರಾಪ್ಸ್ ಹಾಕಿ, ಮೇಲೆ ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡುತ್ತಾರೆ. ಸೈಟ್ ಹೋಗುವುದಿಲ್ಲ, ಕಾಯಿಲೆ ಮುಂದಕ್ಕೆ ಹೋಗುವುದು ನಿಲ್ಲುತ್ತೆ. ಈಗ ಒಂದೂವರೆ ವರ್ಷ ಆಯಿತು, ನಿಂತಿದೆ.

ಅಕ್ಕ, ಮೊದಲ ಡಾಕ್ಟರ್ ಬೇಡ ಅನ್ನದೆ ಇದ್ದಿದ್ದರೆ ನನ್ನ ಕಣ್ಣು ಏನಾಗುತ್ತಿತ್ತೋ. ನಿಮ್ಮ ಡಾಕ್ಟರ್ ಟೆಸ್ಟ್ ಮಾಡಿ ಇಷ್ಟು ಯೋಚನೆ ಮಾಡಿ ಹೇಳಿದ್ದಾರೆ ಅಂದರೆ ಒಳ್ಳೆಯ ಜಾಗಕ್ಕೇ ಹೋಗಿದ್ದೀರಿ. ಎಲ್ಲರಿಗೂ ಒಂದೇ ಮಾತು, ಮಕ್ಕಳು ಕಣ್ಣು ಉಜ್ಜಿದರೆ ಸುಮ್ನೆ ಬಿಡಬೇಡಿ.

ಮೂಡಿಗೆರೆ ಕಾಫಿ · ಜನವರಿ 9

ಕಡೂರಿನ ತಮ್ಮ ಬರೆದದ್ದು ಓದಿ ನಂದೂ ಹೇಳುತ್ತೇನೆ. ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದೆ. ಸಾಫ್ಟ್ ಲೆನ್ಸ್, ಹತ್ತು ವರ್ಷ. ಒಂದು ಕಡೆ ಹೋದಾಗ ಲೆನ್ಸ್ ತೆಗೆದು ಎರಡೇ ದಿನ ಆಗಿತ್ತು. ಅವರು ಅದನ್ನು ಕೇಳಲೇ ಇಲ್ಲ. ಸ್ಕ್ಯಾನ್ ಮಾಡಿ, ನಾಳೆಯೇ ಸ್ಲಾಟ್ ಇದೆ, ಇವತ್ತೇ ಕಟ್ಟಿದರೆ ರಿಯಾಯಿತಿ ಅಂದರು. ನಾನು ಹೆದರಿ ವಾಪಸ್ ಬಂದೆ. ಎರಡು ವಾರ ಬರೀ ಕನ್ನಡಕ ಹಾಕಿ ಬೇರೆ ಕಡೆ ತೋರಿಸಿದೆ. ಪವರ್ ಅರ್ಧ ಪಾಯಿಂಟ್ ಬೇರೆ ಬಂತು! ಲೆನ್ಸ್ ಒತ್ತಿ ಒತ್ತಿ ಕಾರ್ನಿಯಾದ ಆಕಾರವೇ ಸ್ವಲ್ಪ ಬದಲಾಗಿರುತ್ತಂತೆ. ಆ ಅಳತೆಯಲ್ಲಿ ಮಾಡಿದ್ದರೆ ಆಪರೇಷನ್ ಆದ ಮೇಲೂ ಕನ್ನಡಕ ಬೇಕಾಗುತ್ತಿತ್ತು.

ಸಾಫ್ಟ್ ಲೆನ್ಸ್ ಆದರೆ ಟೆಸ್ಟ್‌ಗೆ ಮೊದಲು ಒಂದರಿಂದ ಎರಡು ವಾರ ಬಿಡಬೇಕು. ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಕೇಳದಿದ್ದರೂ ನೀವೇ ಹೇಳಿ.

ನನಗೆ ಕೊನೆಗೆ ಲೇಸಿಕ್ ಆಯಿತು. ಕಾಫಿ ಕುಯ್ಲು ಮುಗಿದ ಮೇಲೆ ಮಾರ್ಚ್‌ನಲ್ಲಿ ಮಾಡಿಸಿದೆ. ಕಣದಲ್ಲಿ ಕಾಫಿ ಒಣಗಿಸುವಾಗ ಏಳುವ ಧೂಳು ಗೊತ್ತಲ್ಲ? ಅದರ ಮಧ್ಯೆ ಆಗುತ್ತಿರಲಿಲ್ಲ. ಆಪರೇಷನ್ ಆದ ಸಂಜೆ ಐದಾರು ಗಂಟೆ ಕಣ್ಣಿಗೆ ಈರುಳ್ಳಿ ಹಿಂಡಿದ ಹಾಗೆ ಉರಿ, ನೀರು. ಮಲಗಿ ಎದ್ದೆ. ಮಾರನೆಯ ದಿನ ಹೋಟೆಲ್ ಕಿಟಕಿಯಿಂದ ಎದುರುಗಡೆ ಅಂಗಡಿಯ ಬೋರ್ಡ್ ಓದಿದೆ. ಅತ್ತುಬಿಟ್ಟೆ. ಅಳಬಾರದು ಅಂತ ನಮ್ಮವರು ಗದರಿದರು.

ಸಕಲೇಶಪುರದ ಅಪ್ಪ · ಜನವರಿ 9

ಮಗಳಿಗೆ 17 ವರ್ಷ, ಪಿಯುಸಿ. ಈಗಲೇ ಮಾಡಿಸಬಹುದಾ?

ಕನ್ನಡಕದಂಗಡಿ · ಜನವರಿ 9

ಬೇಡ ಸರ್. 18 ತುಂಬಬೇಕು. ತುಂಬಿದರೆ ಸಾಲದು, ಕನಿಷ್ಠ ಒಂದು ವರ್ಷ ಪವರ್ ನಿಂತಿರಬೇಕು. ಓದುವ ವಯಸ್ಸಿನಲ್ಲಿ ಪವರ್ ಏರುತ್ತಿರುತ್ತೆ. ಈಗ ಮಾಡಿಸಿದರೆ ಮುಂದೆ ಮತ್ತೆ ಸೈಟ್ ಬರುತ್ತೆ. ಪ್ರತಿ ವರ್ಷದ ಕನ್ನಡಕದ ಚೀಟಿ ಎಸೆಯದೆ ಇಟ್ಟುಕೊಳ್ಳಿ, ಅದೇ ಸಾಕ್ಷಿ.

ಇನ್ನೊಂದು ವಿಷಯ. ಯಾವುದಾದರೂ ಕೆಲಸದ ಮೇಲೆ ಕಣ್ಣಿದ್ದರೆ ಮೊದಲು ಅದರ ವೈದ್ಯಕೀಯ ನಿಯಮ ಓದಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ಕಣ್ಣು ಚೆನ್ನಾಗಿ ಕಂಡರೂ ತೆಗೆದುಕೊಳ್ಳುವುದಿಲ್ಲ. ನಮ್ಮ ಅಂಗಡಿಗೆ ಬರುವ ಹುಡುಗರಿಗೆ ನಾನು ಇದನ್ನು ಮೊದಲೇ ಹೇಳುತ್ತೇನೆ.

ಸಕಲೇಶಪುರದ ಅಪ್ಪ · ಜನವರಿ 10

ಥ್ಯಾಂಕ್ಸ್ ಸರ್. ಇನ್ಶೂರೆನ್ಸ್‌ನಲ್ಲಿ ಬರುತ್ತಾ?

ಮೂಡಿಗೆರೆ ಕಾಫಿ · ಜನವರಿ 10

ನನಗೆ ಬರಲಿಲ್ಲ. ಪವರ್ 7.5ಕ್ಕಿಂತ ಕಡಿಮೆ ಇದ್ದರೆ ಆರೋಗ್ಯ ವಿಮೆಯಲ್ಲಿ ಇದನ್ನು ಹೊರಗಿಟ್ಟಿರುತ್ತಾರೆ. ಪಾಲಿಸಿ ಕಾಗದದಲ್ಲಿಯೇ ಬರೆದಿರುತ್ತೆ, ನೋಡಿ.

ಬೇಲೂರಿನ ನರ್ಸ್ · ಜನವರಿ 12

ಟೀಚರಮ್ಮ, ನಾನು ಕಣ್ಣಿನ ಥಿಯೇಟರಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಮೇಜಿನ ಮೇಲೆ ಮಲಗಿದವರ ಕೈ ಹಿಡಿದುಕೊಂಡಿದ್ದೇನೆ. ಅಲ್ಲಿ ಆಗುವುದು ಹತ್ತು ಹದಿನೈದು ನಿಮಿಷದ ಕೆಲಸ. ಅದಕ್ಕೆ ಹೆದರಬೇಡಿ. ಮೊದಲಿನ ಎರಡು ವಾರ, ಆಮೇಲಿನ ಮೂರು ತಿಂಗಳು, ಅದು ನಿಮ್ಮ ಕೈಯಲ್ಲಿರುವುದು. ಅದರ ಬಗ್ಗೆ ಹೇಳುತ್ತೇನೆ.

ಹಿಂದಿನ ದಿನ ತಲೆಗೆ ಸ್ನಾನ ಮಾಡಿಬಿಡಿ, ಆಮೇಲೆ ಒಂದು ವಾರ ತಲೆಗೆ ನೀರು ಇಲ್ಲ. ತಲೆಗೆ ಎಣ್ಣೆ ಬೇಡ. ಕಾಡಿಗೆಯನ್ನು ಮೂರು ದಿನ ಮೊದಲೇ ನಿಲ್ಲಿಸಿ, ರೆಪ್ಪೆಯ ಬುಡದಲ್ಲಿ ಉಳಿದ ಕಾಡಿಗೆಯೇ ಸೋಂಕಿಗೆ ದಾರಿ. ಸೆಂಟ್, ಬಾಡಿ ಸ್ಪ್ರೇ ಹಾಕಿಕೊಂಡು ಹೋಗಬೇಡಿ, ಅದರ ಆವಿ ಲೇಸರಿಗೆ ಅಡ್ಡ ಬರುತ್ತೆ. ಮುಂದೆ ಗುಂಡಿ ಇರುವ ಬಟ್ಟೆ ಹಾಕಿ, ತಲೆಯ ಮೇಲಿಂದ ಎಳೆಯುವ ಟೀಶರ್ಟ್ ಬೇಡ. ಹೊಟ್ಟೆಗೆ ತಿಂದುಕೊಂಡು ಹೋಗಿ, ಇದು ಉಪವಾಸದ ಆಪರೇಷನ್ ಅಲ್ಲ. ಗರ್ಭಿಣಿಯರು, ಹಾಲು ಕುಡಿಸುವವರು ಮುಂದೆ ಹಾಕಬೇಕು. ಆ ಸಮಯದಲ್ಲಿ ಪವರ್ ಏರುಪೇರಾಗುತ್ತೆ. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಲೇಬೇಕು, ಅದು ಕಣ್ಣನ್ನು ತುಂಬಾ ಒಣಗಿಸುತ್ತೆ. ಸಕ್ಕರೆ ಕಾಯಿಲೆ, ಕೀಲುವಾತ, ಕಣ್ಣಿಗೆ ಹಿಂದೆ ಸರ್ಪಸುತ್ತು ಆಗಿದ್ದರೂ ಹೇಳಿ.

ಒಳಗೆ ಹೋದಾಗ ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ. ರೆಪ್ಪೆಗೆ ಕ್ಲಿಪ್ ಇಡುತ್ತಾರೆ, ಮುಚ್ಚಲು ಹೋದರೂ ಮುಚ್ಚುವುದಿಲ್ಲ. ಎಲ್ಲರೂ ಕೇಳುವುದು, "ಕಣ್ಣು ಅಲ್ಲಾಡಿದರೆ?" ಮಷಿನ್ ನಿಮ್ಮ ಕಣ್ಣನ್ನು ಹಿಂಬಾಲಿಸುತ್ತಿರುತ್ತೆ. ಜಾಸ್ತಿ ಅಲ್ಲಾಡಿದರೆ ತಾನೇ ನಿಲ್ಲುತ್ತೆ. ಮಿನುಗುವ ದೀಪ ನೋಡುತ್ತಿರಿ, ಅಷ್ಟೆ. ಟಿಕ್ ಟಿಕ್ ಸದ್ದು, ಕೂದಲು ಸುಟ್ಟ ವಾಸನೆ ಬರುತ್ತೆ. ಕಣ್ಣು ಸುಡುತ್ತಿಲ್ಲ, ಅದು ತಣ್ಣನೆಯ ಲೇಸರ್.

ಈಗ ಮನೆ. ಪಿಆರ್‌ಕೆ ಆದರೆ ನಾಲ್ಕೈದು ದಿನ ಕಣ್ಣಿನ ಮೇಲೆ ಬ್ಯಾಂಡೇಜ್ ಲೆನ್ಸ್ ಇರುತ್ತೆ. ಅದು ಬಿದ್ದುಹೋದರೆ ನೀವೇ ಎತ್ತಿ ಹಾಕಿಕೊಳ್ಳಬೇಡಿ. ಆಸ್ಪತ್ರೆಗೆ ಫೋನ್ ಮಾಡಿ. ಲೆನ್ಸ್ ತೆಗೆಯುವವರೆಗೆ ಬೆಂಗಳೂರಿನಲ್ಲಿಯೇ ಇರಿ. ಹಾಸನಕ್ಕೆ 185 ಕಿಲೋಮೀಟರ್, ಬಸ್ಸಿನ ಕಿಟಕಿ ಗಾಳಿ ಬೇಡ. ಎರಡು ಮೂರನೇ ದಿನ ನೋವು ಜಾಸ್ತಿ. ಆಗ ಯಾರಾದರೂ ಮರಗಟ್ಟಿಸುವ ಡ್ರಾಪ್ಸ್ ತಂದುಕೊಟ್ಟರೆ ಹಾಕಬೇಡಿ. ನೋವು ಹೋಗುತ್ತೆ, ಆದರೆ ಗಾಯ ಮಾಯುವುದನ್ನು ತಡೆದು ಕಾರ್ನಿಯಾವನ್ನೇ ಕರಗಿಸಿಬಿಡಬಹುದು.

ಡ್ರಾಪ್ಸ್ ಹಾಕುವ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ. ಕೆಳರೆಪ್ಪೆ ಎಳೆದು ಒಂದೇ ಹನಿ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಒಂದು ಡ್ರಾಪ್ಸ್‌ಗೂ ಇನ್ನೊಂದಕ್ಕೂ ಐದರಿಂದ ಹತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತೆ. ಹಾಲಿನಂತೆ ಬಿಳಿ ಇರುವ ಡ್ರಾಪ್ಸ್ ಆದರೆ ಕುಲುಕಬೇಕು.

ಆಲ್ದೂರು ಅಜ್ಜಿಮನೆ · ಜನವರಿ 13

ನಮ್ಮಲ್ಲಿ ಕಣ್ಣುರಿಗೆ ನಂದಿಬಟ್ಟಲು ಹೂವಿನ ರಸ ಹಾಕುತ್ತಿದ್ದರು. ಹರಳೆಣ್ಣೆಯೂ ತಂಪು. ಲೇಸರ್ ಆದ ಮೇಲೆ ಉರಿಗೆ ಅದನ್ನು ಹಾಕಬಹುದಲ್ವಾ?

ಬೇಲೂರಿನ ನರ್ಸ್ · ಜನವರಿ 13

ಅಮ್ಮ, ಬೇಡ. ದಯವಿಟ್ಟು ಬೇಡ. ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು, ಯಾವುದೂ ಆ ಕಣ್ಣಿಗೆ ಬೀಳಬಾರದು. ಮೇಲಿನ ಚರ್ಮ ಇಲ್ಲದ ಕಣ್ಣು ಅದು. ಗಿಡದ ರಸದಿಂದ ಫಂಗಸ್ ಸೋಂಕು ಬಂದರೆ ತಿಂಗಳುಗಟ್ಟಲೆ ಒದ್ದಾಡಬೇಕು, ಕಣ್ಣೇ ಹೋಗಬಹುದು. ತಂಪಿಗೆ ಡಾಕ್ಟರ್ ಕೊಟ್ಟ ಕಣ್ಣೀರಿನ ಡ್ರಾಪ್ಸ್ ಫ್ರಿಜ್‌ನಲ್ಲಿಟ್ಟು ಹಾಕಿ, ಅಷ್ಟೇ ಸಾಕು.

ಆಲ್ದೂರು ಅಜ್ಜಿಮನೆ · ಜನವರಿ 13

ಸರಿ ಮಗಳೇ. ಕೇಳಿದ್ದು ಒಳ್ಳೆಯದಾಯಿತು.

ಚಿಕ್ಕಮಗಳೂರು ಫಿಸಿಕ್ಸ್ · ಜನವರಿ 15

"ತಣ್ಣನೆಯ ಲೇಸರ್" ಅಂದರಲ್ಲ, ಅದರ ಹಿಂದಿನ ಕತೆ ನನಗೆ ತುಂಬಾ ಇಷ್ಟ, ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಇದು ಎಕ್ಸೈಮರ್ ಲೇಸರ್, 193 ನ್ಯಾನೋಮೀಟರಿನ ಅಲ್ಟ್ರಾವಯೊಲೆಟ್ ಬೆಳಕು. ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದರು. 1981ರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ತಂದು ಅದರ ಮೇಲೆ ಈ ಲೇಸರ್ ಬಿಟ್ಟರು. ಗೀರು ನೀಟಾಗಿ ಬಿತ್ತು, ಅಂಚು ಸ್ವಲ್ಪವೂ ಸುಟ್ಟಿರಲಿಲ್ಲ. ಈ ಬೆಳಕು ಅಣುಗಳ ಬಂಧವನ್ನೇ ಮುರಿದು ಆ ಪದರವನ್ನು ಹಾರಿಸಿಬಿಡುತ್ತೆ, ಪಕ್ಕಕ್ಕೆ ಬಿಸಿ ಹರಡಲು ಸಮಯ ಇರುವುದಿಲ್ಲ. 1983ರಲ್ಲಿ ಸ್ಟೀಫನ್ ಟ್ರೋಕೆಲ್ ಅನ್ನುವ ಕಣ್ಣಿನ ಡಾಕ್ಟರ್ ಜೊತೆ ಸೇರಿ ಹಸುವಿನ ಕಾರ್ನಿಯಾ ಮೇಲೆ ತೋರಿಸಿದರು. ಟೀಚರ್, ನಿಮ್ಮ ಮಕ್ಕಳಿಗೂ ಹೇಳಿ.

ವಿದ್ಯಾನಗರದ ಟೀಚರ್ · ಜನವರಿ 15

ಖಂಡಿತ ಹೇಳುತ್ತೇನೆ ಸರ್. ದಿನ ಗೊತ್ತುಮಾಡಿಕೊಂಡೆ. ಬೇಸಿಗೆ ರಜೆಯಲ್ಲಿ, ಏಪ್ರಿಲ್ 22. ಎಸ್ಸೆಸ್ಸೆಲ್ಸಿ ಕೆಲಸ ಎಲ್ಲ ಮುಗಿದಿರುತ್ತೆ. ವಿಜಯನಗರದಲ್ಲಿ ಚಿಕ್ಕಮ್ಮ ಇದ್ದಾರೆ, ಒಂದು ವಾರ ಅಲ್ಲೇ ಇರುತ್ತೇನೆ.

ವಿದ್ಯಾನಗರದ ಟೀಚರ್ · ಏಪ್ರಿಲ್ 24

ನಾನು ಅವರ ತಮ್ಮ. ಅಕ್ಕ ಹೇಳುತ್ತಿದ್ದಾಳೆ, ನಾನು ಟೈಪ್ ಮಾಡುತ್ತಿದ್ದೇನೆ. ಮೊನ್ನೆ ಆಯಿತು. ಒಂದೊಂದು ಕಣ್ಣಿಗೆ ಲೇಸರ್ ಬಿಟ್ಟದ್ದು ಒಂದು ನಿಮಿಷವೂ ಇಲ್ಲವಂತೆ. ನರ್ಸ್ ಅಕ್ಕ ಹೇಳಿದ ಕೂದಲು ಸುಟ್ಟ ವಾಸನೆ ಬಂದಾಗ ಹೆದರಿಕೆ ಆಗಲಿಲ್ಲವಂತೆ, ಗೊತ್ತಿತ್ತಲ್ಲ. ಮಂಜು ಕವಿಯದಿರಲಿ ಅಂತ ಮೈಟೊಮೈಸಿನ್ ಅನ್ನುವ ಔಷಧಿ ಹಚ್ಚಿ ತೊಳೆದರು.

ನಿನ್ನೆ ನೋವು ಅಷ್ಟೇನೂ ಇರಲಿಲ್ಲ. ಇವತ್ತು ತುಂಬಾ ಉರಿ. ರೂಮಿನ ಪರದೆ ಎಲ್ಲ ಮುಚ್ಚಿದ್ದೇವೆ. ಫೋನಿನ ಬೆಳಕೂ ಆಗುತ್ತಿಲ್ಲ. ಮರಳು ಬಿದ್ದ ಹಾಗೆ ಅನ್ನುತ್ತಾಳೆ. ಕಣ್ಣು ಮುಚ್ಚಿ ರೇಡಿಯೋ ಕೇಳುತ್ತಾ ಮಲಗಿದ್ದಾಳೆ. ಡ್ರಾಪ್ಸ್‌ನ ವೇಳಾಪಟ್ಟಿ ನಾನು ಗೋಡೆಗೆ ಅಂಟಿಸಿ ಟಿಕ್ ಹಾಕುತ್ತಿದ್ದೇನೆ. ಇಂಥ ನೋವು ಸಹಜಾನಾ?

ಬೇಲೂರಿನ ನರ್ಸ್ · ಏಪ್ರಿಲ್ 24

ಸಹಜ ಕಣಪ್ಪ. ಎರಡೂ ಕಣ್ಣಿಗೆ ಒಂದೇ ರೀತಿ ಇದೆಯಲ್ಲ? ಒಂದೇ ಕಣ್ಣು ಜಾಸ್ತಿ ಕೆಂಪಾಗಿ, ಕೀವಿನಂತೆ ಪಿಸರು ಬಂದು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅಥವಾ ಕಾಣುತ್ತಿದ್ದದ್ದು ಒಮ್ಮೆಲೇ ಮಬ್ಬಾದರೆ ರಾತ್ರಿಯಾದರೂ ಹೊರಡಬೇಕು. ಇಲ್ಲದಿದ್ದರೆ ಡಾಕ್ಟರ್ ಕೊಟ್ಟ ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡು. ರಾತ್ರಿ ಪ್ಲಾಸ್ಟಿಕ್ ಕಣ್ಣಿನ ಕವಚ ಮರೆಯಬೇಡ, ನಿದ್ದೆಯಲ್ಲಿ ಕೈ ಹೋಗುತ್ತೆ. ನಾಡಿದ್ದು ಹೊತ್ತಿಗೆ ಇಳಿಯುತ್ತೆ.

ವಿದ್ಯಾನಗರದ ಟೀಚರ್ · ಏಪ್ರಿಲ್ 28

ನಾನೇ ಬರೆಯುತ್ತಿದ್ದೇನೆ, ಅಕ್ಷರ ದೊಡ್ಡದು ಮಾಡಿಕೊಂಡು. ನಿನ್ನೆ ಲೆನ್ಸ್ ತೆಗೆದರು. ನೋವು ಹೋಗಿದೆ. ಆದರೆ ಮೊದಲ ದಿನಕ್ಕಿಂತ ಈಗ ಮಬ್ಬು ಜಾಸ್ತಿ. ಮನಸ್ಸು ಕುಗ್ಗಿತ್ತು. ಡಾಕ್ಟರ್ ಹೇಳಿದರು, ಹೊಸ ಚರ್ಮ ಸುತ್ತಲಿನಿಂದ ಬೆಳೆದುಕೊಂಡು ಬಂದು ಮಧ್ಯದಲ್ಲಿ ಕೂಡುತ್ತೆ, ಆ ಹೊಲಿಗೆಯಂಥ ಗೆರೆ ಈಗ ಸರಿಯಾಗಿ ನೋಟದ ನಡುವೆ ಇದೆ, ಅದು ಸಮ ಆಗಲು ಸಮಯ ಬೇಕು ಅಂತ. ಕೇಳಿ ಸಮಾಧಾನ ಆಯಿತು.

ನಾಳೆ ಮಧ್ಯಾಹ್ನದ ರೈಲಿಗೆ ಹಾಸನ. ಶ್ರವಣಬೆಳಗೊಳದ ಮೇಲೆ ಹೋಗುವ ಈ ದಾರಿ 2017ರಲ್ಲಿ ಶುರುವಾದದ್ದು ನನ್ನಂಥವರಿಗೆ ಎಷ್ಟು ಉಪಕಾರ. ಕಪ್ಪು ಕನ್ನಡಕ, ಟೋಪಿ ಹಾಕಿಕೊಂಡು ಒಳಗಿನ ಸೀಟಿನಲ್ಲಿ ಕೂರುತ್ತೇನೆ.

ವಿದ್ಯಾನಗರದ ಟೀಚರ್ · ಮೇ 24

ಒಂದು ತಿಂಗಳಾಯಿತು. ಬಾಗಿಲಲ್ಲಿ ನಿಂತರೆ ಎದುರಿನ ತೆಂಗಿನ ಮರದ ಒಂದೊಂದು ಗರಿಯೂ ಬೇರೆ ಬೇರೆ ಕಾಣುತ್ತೆ. ಅಮ್ಮ ಮಾಡಿದ್ದನ್ನು ನೀವೆಲ್ಲ ಕೇಳಬೇಕು. ನಾನು ಊರಿಗೆ ಬರುವ ಮೊದಲೇ ಬಚ್ಚಲು ಒಲೆಗೆ ಹಸಿ ಸೌದೆ ಹಾಕುವುದನ್ನೇ ನಿಲ್ಲಿಸಿದ್ದರು. ನಾನು ಏಳುವ ಮುಂಚೆ ಹಂಡೆ ಕಾಯಿಸಿ ಬೆಂಕಿ ಆರಿಸುತ್ತಿದ್ದರು. ಒಂದು ವಾರ ಆದ ಮೇಲೆ ತಲೆ ಸ್ನಾನಕ್ಕೆ ಹಿಂದಕ್ಕೆ ಬಾಗಿಸಿ, ಹಣೆಗೆ ಟವಲ್ ಕಟ್ಟಿ, ಚಿಕ್ಕ ಮಗುವಿಗೆ ಹಾಕುವ ಹಾಗೆ ನೀರು ಹಾಕಿದರು. ಬೇಡ ಅಂದವರೂ ಅವರೇ, ಹೀಗೆ ನೋಡಿಕೊಂಡವರೂ ಅವರೇ.

ಎಲ್ಲವೂ ಸಲೀಸಾಗಿ ಆಯಿತು ಅಂತ ಹೇಳುವುದಿಲ್ಲ. ಪಿಆರ್‌ಕೆ ಆದ ಮೇಲೆ ಸ್ಟೀರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಇರುತ್ತೆ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾರೆ. ಅದರಿಂದ ಕಣ್ಣಿನ ಒಳಗಿನ ಒತ್ತಡ ಏರಬಹುದು, ತಿಂಗಳಿಗೆ ಒಮ್ಮೆ ನೋಡಿಸಿ ಅಂದಿದ್ದರು. ಇಲ್ಲೇ ಹಾಸನದ ಕಣ್ಣಿನ ಡಾಕ್ಟರ್ ಹತ್ತಿರ ನೋಡಿಸಿದೆ. 24 ಬಂತು. 21ರ ಒಳಗೆ ಇರಬೇಕು. ನನಗೆ ಏನೂ ಗೊತ್ತೇ ಆಗಿರಲಿಲ್ಲ. ನೋವಿಲ್ಲ, ಮಬ್ಬಿಲ್ಲ. ಬೆಂಗಳೂರಿಗೆ ಫೋನ್ ಮಾಡಿದೆ, ಸೌಮ್ಯವಾದ ಡ್ರಾಪ್ಸ್‌ಗೆ ಬದಲಾಯಿಸಿದರು, ಒತ್ತಡ ಇಳಿಸುವ ಡ್ರಾಪ್ಸ್ ಕೊಟ್ಟರು. ಹತ್ತು ದಿನಕ್ಕೆ 16ಕ್ಕೆ ಇಳಿಯಿತು. ಕಣ್ಣು ಚೆನ್ನಾಗಿ ಕಾಣುತ್ತಿದೆ ಅಂತ ಆ ಚೆಕಪ್ ತಪ್ಪಿಸಿದ್ದರೆ? ದಯವಿಟ್ಟು ಯಾರೂ ತಪ್ಪಿಸಬೇಡಿ. ಡ್ರಾಪ್ಸ್ ಚೀಟಿ, ಡಿಸ್ಚಾರ್ಜ್ ಕಾಗದದ ಫೋಟೋ ಫೋನಿನಲ್ಲಿ ಇದ್ದದ್ದರಿಂದ ಇಲ್ಲಿನ ಡಾಕ್ಟರಿಗೆ ಒಂದು ನಿಮಿಷದಲ್ಲಿ ಅರ್ಥವಾಯಿತು.

ಮೂಡಿಗೆರೆ ಕಾಫಿ · ಮೇ 24

ಸದ್ಯ, ಸಿಕ್ಕಿತಲ್ಲ! ರಾತ್ರಿ ದೀಪದ ಸುತ್ತ ಬಳೆ ಕಾಣುತ್ತಾ? ನನಗೆ ನಾಲ್ಕು ತಿಂಗಳು ಇತ್ತು. ಚಾರ್ಮಾಡಿ ಘಾಟಿಯಲ್ಲಿ ಎದುರಿನ ಲಾರಿಯ ಲೈಟ್ ಹೂವಿನಂತೆ ಅರಳಿ ಕಾಣುತ್ತಿತ್ತು. ಅಷ್ಟು ದಿನ ರಾತ್ರಿ ಗಾಡಿ ಓಡಿಸಲಿಲ್ಲ.

ವಿದ್ಯಾನಗರದ ಟೀಚರ್ · ಮೇ 25

ಕಾಣುತ್ತೆ ಅಕ್ಕ. ಸಂಜೆ ಆರರ ಮೇಲೆ ಸ್ಕೂಟರ್ ಮುಟ್ಟುತ್ತಿಲ್ಲ. ಬೆಳಗ್ಗೆ ಎದ್ದಾಗ ಕಣ್ಣು ಒಣಗಿರುತ್ತೆ. ಕಾರ್ನಿಯಾದ ಸಣ್ಣ ನರಗಳು ಮತ್ತೆ ಬೆಳೆಯುವವರೆಗೆ ಕಣ್ಣೀರು ಕಡಿಮೆಯಂತೆ. ಶಾಲೆಯಲ್ಲಿ ಚಾಕ್‌ಪೀಸ್ ಧೂಳು ಒಂದು ಸಮಸ್ಯೆ. ಬೋರ್ಡ್ ಒರೆಸಲು ಒದ್ದೆ ಬಟ್ಟೆ ಇಡಬೇಕು ಅಂತಿದ್ದೇನೆ.

ದುದ್ದದ ರೈತ · ಜೂನ್ 20

ನನಗೆ 41, ಮೈನಸ್ 4. ಈಗ ಮಾಡಿಸಿದರೆ ಪೇಪರ್ ಓದಲು ಕನ್ನಡಕ ಬೇಡವಾ?

ಕನ್ನಡಕದಂಗಡಿ · ಜೂನ್ 20

ದೂರದ ಕನ್ನಡಕ ಹೋಗುತ್ತೆ ಅಣ್ಣ, ಚಾಳೀಸು ಬರುತ್ತೆ. ಅದು ಕಾರ್ನಿಯಾದ್ದಲ್ಲ, ಒಳಗಿನ ಮಸೂರ ವಯಸ್ಸಿಗೆ ಬಿಗಿಯಾಗುವುದು. ನೀವೀಗ ಕನ್ನಡಕ ತೆಗೆದು ಹತ್ತಿರ ಹಿಡಿದು ಓದುತ್ತಿದ್ದೀರಲ್ಲ, ಲೇಸರ್ ಆದ ಮೇಲೆ ಅದು ಆಗುವುದಿಲ್ಲ. ಯೋಚನೆ ಮಾಡಿ.

ಇನ್ನೂ ಎರಡು ಮಾತು, ಎಲ್ಲರಿಗೂ. ಜಾಸ್ತಿ ಮೈನಸ್ ಇರುವವರ ಕಣ್ಣು ಉದ್ದವಾಗಿರುತ್ತೆ, ಹಿಂದಿನ ರೆಟಿನಾ ಎಳೆದು ತೆಳುವಾಗಿರುತ್ತೆ. ಲೇಸರ್ ಆಗಿ ಸೈಟ್ ಹೋದರೂ ಅದು ಹಾಗೆಯೇ ಇರುತ್ತೆ. ಕಣ್ಣಿನಲ್ಲಿ ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದ ಹಾಗೆ ಕಂಡರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಮತ್ತೆ, ಆಪರೇಷನ್‌ಗೆ ಮುಂಚಿನ ಅಳತೆಗಳ ಕಾಗದ ಜೋಪಾನ ಮಾಡಿ. ಮುಂದೆ ಪೊರೆ ಬಂದು ಲೆನ್ಸ್ ಹಾಕುವಾಗ ಅದರ ಲೆಕ್ಕಕ್ಕೆ ಬೇಕಾಗುತ್ತೆ.

ಕಡೂರಿನವನು · ಜೂನ್ 22

ಒಂದು ಪ್ರಶ್ನೆ ಇದೆ. 2021ರಲ್ಲಿ ಅಪ್ಪು ಸರ್ ಹೋದಾಗ ನಮ್ಮ ಗೆಳೆಯರ ಗುಂಪು ಎಲ್ಲರೂ ನೇತ್ರದಾನಕ್ಕೆ ಬರೆದುಕೊಟ್ಟಿದ್ದೆವು. ಅದರಲ್ಲಿ ಇಬ್ಬರಿಗೆ ಲೇಸಿಕ್ ಆಗಿದೆ. ಅವರ ಕಣ್ಣು ಬೇಡ ಅನ್ನುತ್ತಾರಾ?

ಬೇಲೂರಿನ ನರ್ಸ್ · ಜೂನ್ 22

ಬೇಡ ಅನ್ನುವುದಿಲ್ಲ ತಮ್ಮ. ಪುನೀತ್ ಅವರ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ನೋಟ ಬಂದದ್ದು ಹೇಗೆ ಗೊತ್ತಲ್ಲ? ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ಇಬ್ಬರಿಗೆ ಹಾಕಿದರು. ಲೇಸರ್ ಆದ ಕಣ್ಣಿನ ಮುಂದಿನ ಪದರ ಕೆಲಸಕ್ಕೆ ಬರುವುದಿಲ್ಲ, ಆಕಾರ ಬದಲಾಗಿರುತ್ತೆ. ಹಿಂದಿನ ಪದರ ಚೆನ್ನಾಗಿದ್ದರೆ ಅದನ್ನು ಇನ್ನೊಬ್ಬರಿಗೆ ಹಾಕಬಹುದು. ಮನೆಯವರಿಗೆ ಹೇಳಿಟ್ಟಿರಲಿ, ಆ ಸಮಯದಲ್ಲಿ ಲೇಸರ್ ಆಗಿದೆ ಅಂತ ನೇತ್ರ ಬ್ಯಾಂಕಿನವರಿಗೆ ತಿಳಿಸಬೇಕು.

ವಿದ್ಯಾನಗರದ ಟೀಚರ್ · ಜುಲೈ 24

ಮೂರು ತಿಂಗಳ ಚೆಕಪ್ ಆಯಿತು. ಎರಡೂ ಕಣ್ಣು 6/6. ಒತ್ತಡ 15. ಸ್ಟೀರಾಯ್ಡ್ ನಿಲ್ಲಿಸಿದರು, ಕಣ್ಣೀರಿನ ಡ್ರಾಪ್ಸ್ ಮಾತ್ರ ಮುಂದುವರಿಸಿ ಅಂದರು. ದೀಪದ ಬಳೆಗಳು ಚಿಕ್ಕದಾಗಿವೆ. ನಿನ್ನೆ ಜೋರು ಮಳೆಯಲ್ಲಿ ಬಿ.ಎಂ. ರಸ್ತೆಯಲ್ಲಿ ಸ್ಕೂಟರ್ ಓಡಿಸಿದೆ, ಹೆಲ್ಮೆಟ್ ಗಾಜು ಒಂದೇ ಒರೆಸಿಕೊಂಡು.

ಅರಕಲಗೂಡಿನವಳು · ಆಗಸ್ಟ್ 17

ಅಕ್ಕ, ಇಡೀ ಚರ್ಚೆ ಎರಡು ಸಲ ಓದಿದೆ. ನನಗೆ 23, ಮೈನಸ್ 5. ನಮ್ಮದು ಹೊಗೆಸೊಪ್ಪಿನ ಬೆಳೆ. ಈಗ ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸುವ ಕಾಲ, ಹಗಲೂ ರಾತ್ರಿ ಸೌದೆ ಉರಿಯುತ್ತಿರುತ್ತೆ, ಮನೆಯ ಪಕ್ಕವೇ. ಅಪ್ಪ ಅದನ್ನು ಬಿಟ್ಟು ಬರುವ ಹಾಗಿಲ್ಲ. ಅಮ್ಮ ಬೆಂಗಳೂರಿಗೆ ಹೋದವರಲ್ಲ. ಟೆಸ್ಟ್ ದಿನ ಕಣ್ಣಿನ ಪಾಪೆ ದೊಡ್ಡದು ಮಾಡುತ್ತಾರೆ, ಒಬ್ಬರೇ ಬರಬೇಡಿ ಅಂದಿದ್ದಾರೆ. ಏನು ಮಾಡಲಿ?

ವಿದ್ಯಾನಗರದ ಟೀಚರ್ · ಆಗಸ್ಟ್ 17

ಟೆಸ್ಟ್ ಈಗ ಮಾಡಿಸು, ಆಪರೇಷನ್ ಬೇಕಿದ್ದರೆ ಬ್ಯಾರನ್ ಕೆಲಸ ಮುಗಿದ ಮೇಲೆ ನೋಡೋಣ. ಅಳತೆ ಗೊತ್ತಾದರೆ ಅರ್ಧ ಚಿಂತೆ ಕಡಿಮೆ. ಲೆನ್ಸ್ ಹಾಕುತ್ತಿದ್ದರೆ ಇವತ್ತಿನಿಂದಲೇ ಬಿಡು. ಹಳೆಯ ಕನ್ನಡಕದ ಚೀಟಿ ಎಷ್ಟಿದೆಯೋ ಎಲ್ಲ ತಗೊಂಡು ಬಾ.

ಸೆಪ್ಟೆಂಬರ್ ಮೊದಲ ಶನಿವಾರ ನಾನು ಬೆಂಗಳೂರಿಗೆ ಹೋಗುತ್ತಿದ್ದೇನೆ. ಹಾಸನ ಸ್ಟೇಷನ್ನಿಗೆ ಬೆಳಗ್ಗೆ ಬಂದುಬಿಡು, ಜೊತೆಗೆ ಹೋಗೋಣ. ಅಮ್ಮನೂ ಬರುತ್ತಿದ್ದಾರೆ. ಬಲಗಣ್ಣು ಮಬ್ಬಾಗಿ ಎರಡು ವರ್ಷ ಆಗಿತ್ತಂತೆ, ನಮಗೆ ಹೇಳಿರಲೇ ಇಲ್ಲ. ಪೊರೆ ಇರಬೇಕು ಅಂತ ಇಲ್ಲಿನ ಡಾಕ್ಟರ್ ಹೇಳಿದ್ದಾರೆ. ಮೊನ್ನೆ ರಾತ್ರಿ ಊಟ ಮಾಡುವಾಗ ಅವರೇ ಕೇಳಿದರು, "ನನ್ನ ಕಣ್ಣನ್ನೂ ಅಲ್ಲೇ ತೋರ್ಸೋಣ್ವಾ?"